ಎದ್ದು ನಿಲ್ಲದವರ ವಂಶ

ಅವನಿಗೆ ನಲವತ್ತೈದು ವರ್ಷ. ಮೊಮ್ಮಕ್ಕಳ ಮಾತು ಹಾಗಿರಲಿ, ಮಗಳಿಗೆ ಇನ್ನೂ ಮದುವೆಯೇ ಆಗಿಲ್ಲ. ಆದರೂ ಮೋರಿ ಬೀದಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಮುತ್ತಾತ ಎಂದು. ಯಾರ ಮನೆಯ ಜಗಲಿಯ ಮೇಲೆ ಮುದುಕರು ಕಂಡರೂ ಸರಿ, ಕೈಯಲ್ಲಿದ್ದ ಬಕೀಟನ್ನು ಬೋರಲು ಹಾಕಿ ಅದರ ಮೇಲೆ ಕೂತು, "ನಮ್ಮ ಮುತ್ತಾತನ್ನ ನೀವು ನೋಡಿದ್ರಾ? ಹೋಗ್ಲಿ, ಅವನ ಬಗ್ಗೆ ಏನಾದ್ರೂ ಕೇಳಿದ್ರಾ?" ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಕೇಳಿ ಕೇಳಿ ಆ ಹೆಸರು ಅವನಿಗೇ ಅಂಟಿಕೊಂಡಿತು.

ಹೆಂಡತಿಗೆ ಇದು ತಲೆನೋವು. "ಬದುಕಿರೋಳು ಒಬ್ಬಳು ಮನೇಲಿದ್ದೀನಿ. ಒಂದು ದಿನ ನನ್ನ ಕಡೆ ತಿರುಗಿ ನೋಡಿದ್ದುಂಟಾ? ಸತ್ತೋರು ಅಂದ್ರೆ ಮಾತ್ರ ಕಿವಿ ನಿಮಿರುತ್ತೆ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹುಚ್ಚು ಅನ್ನಿ, ಗೀಳು ಅನ್ನಿ. ಶುರುವಾದದ್ದು ಮಾತ್ರ ಸಿಟ್ಟಿನಿಂದ. ಅವನಿಗೆ ಇಪ್ಪತ್ತು ತುಂಬಿದ ವರ್ಷ ಅವನಪ್ಪ ಮಾರುಕಟ್ಟೆಯ ಗುಂಡಿಗೆ ಇಳಿದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೇಲೆ ಬಂದದ್ದು ಹಗ್ಗ ಮತ್ತು ಹೆಣ. ಒಳಗಿನ ಗಾಳಿ ಕೊಂದಿತ್ತು. ಮಗ ಸಾವಿನ ಕಾಗದ ಕೇಳಲು ಊರ ಕಚೇರಿಗೆ ಹೋದ. ಕಿಟಕಿಯ ಹಿಂದೆ ಕೂತಿದ್ದವನು ಪುಸ್ತಕ ತಿರುವಿ ಹಾಕಿ ಹೇಳಿದ: "ನಿಮ್ಮಪ್ಪ ಹುಟ್ಟಿದ್ದೇ ಇಲ್ಲಿ ಬರೆದಿಲ್ಲ. ಹುಟ್ಟದೇ ಇರೋನು ಸಾಯೋದು ಹೇಗಪ್ಪಾ?" ಅಕ್ಕಪಕ್ಕದವರು ನಕ್ಕರು. ಇವನೂ ನಕ್ಕ. ದೊಡ್ಡವರು ನಕ್ಕಾಗ ನಗುವುದು ರೂಢಿಯಾಗಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ನಗು ನಿಂತಿತು. ಸಿಟ್ಟು ಇಪ್ಪತ್ತೈದು ವರ್ಷವಾದರೂ ನಿಂತಿಲ್ಲ.

ನಾವು ಹುಟ್ಟಿದ್ದೆವು ಎನ್ನುವುದಕ್ಕೆ ಎಲ್ಲೋ ಒಂದು ಕಡೆ ಬರಹ ಇದ್ದೇ ಇರಬೇಕು ಎಂದು ಅವನು ಹಟ ಹಿಡಿದ. ಇದ್ದರೆ ಅದು ಕಚೇರಿಯ ನೆಲಮಾಳಿಗೆಯ ದಫ್ತರ ಕೋಣೆಯಲ್ಲೇ ಇರಬೇಕು. ಅಲ್ಲಿಗೆ ಮೋರಿಯವರು ಕಾಲಿಡುವಂತಿರಲಿಲ್ಲ. ಅಧ್ಯಕ್ಷರ ಕೋಣೆಯಲ್ಲಾದರೆ ಬಾಗಿಲಿಂದ ಮೂರನೇ ಕಲ್ಲಿನ ತನಕ ಬಂದು ನಿಲ್ಲಬಹುದಿತ್ತು. ನಿಲ್ಲಬಹುದು, ಅಷ್ಟೆ. ಕಚೇರಿಯ ಯಾವ ಕುರ್ಚಿಯೂ, ಯಾವ ಬೆಂಚೂ ಮೋರಿಯವರ ಬೆನ್ನು ಕಂಡಿರಲಿಲ್ಲ. ಹಾಗೆಂದು ಎಲ್ಲೂ ಬರೆದು ಹಾಕಿರಲಿಲ್ಲ. ಬರೆಯುವ ಅಗತ್ಯವೇ ಬಿದ್ದಿರಲಿಲ್ಲ.

ಆದರೆ ದಫ್ತರ ಕೋಣೆಯ ನಡುವೆ ಒಂದು ಕಲ್ಲಿನ ಮುಚ್ಚಳ ಇತ್ತು. ಅದರ ಕೆಳಗೆ ಮೋರಿ ಹರಿಯುತ್ತಿತ್ತು. ಮೋರಿ ಕಟ್ಟಿಕೊಂಡರೆ ನೀರು ಉಕ್ಕಿ ಕಡತಗಳಿಗೆ ಬರುತ್ತಿತ್ತು. ಆಗ ಮಾತ್ರ ಮಡಿ ಮೈಲಿಗೆ ಯಾವುದೂ ನೆನಪಾಗದೆ, ಮೋರಿಯವನನ್ನು ಓಡಿ ಬಾ ಎಂದು ಕರೆಯುತ್ತಿದ್ದರು. ಇದು ಮುತ್ತಾತನಿಗೆ ಹೊಳೆದದ್ದೇ ತಡ, ಆ ಮೋರಿ ವಾರಕ್ಕೊಮ್ಮೆ ಕಟ್ಟಿಕೊಳ್ಳತೊಡಗಿತು. ಅದೂ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ. ಬುಧವಾರ ಸಂಜೆ ಕಚೇರಿಯ ಹಿಂಬದಿಯಲ್ಲಿ ಒಂದು ಗೋಣಿಚೀಲ ಮಡಚಿ ಮೋರಿಯ ಬಾಯಿಗೆ ತುರುಕಿದರೆ ಮುಗಿಯಿತು. ಗುರುವಾರ ಕರೆ ಬರುತ್ತಿತ್ತು. ಕೊಕ್ಕೆ, ಬಿದಿರ ದಬ್ಬೆ, ಬಕೀಟು ಹಿಡಿದು ಹೋಗುತ್ತಿದ್ದ. ಸೊಂಟದ ತನಕ ಇಳಿದು, ಉಸಿರು ಬಿಗಿಹಿಡಿದು, ಹತ್ತು ನಿಮಿಷದಲ್ಲಿ ಗೋಣಿ ಎಳೆಯುತ್ತಿದ್ದ. "ಎರಡು ಗಂಟೆ ಹೊತ್ತು ಬೇಕು ಸಾರ್, ಬಲವಾಗಿ ಕಟ್ಟಿದೆ" ಎಂದು ಮೇಲಕ್ಕೆ ಕೂಗಿ ಹೇಳಿ, ಕೈ ಒರೆಸಿಕೊಂಡು, ಬಕೀಟಿನ ಮೇಲೆ ಕೂತು ಕಡತ ಬಿಚ್ಚುತ್ತಿದ್ದ.

ಅಲ್ಲಿ ಒಬ್ಬ ಮುದಿ ಗುಮಾಸ್ತರಿದ್ದರು. ದಪ್ಪ ಕನ್ನಡಕ. ಕಂಡದ್ದು ಕಾಣದಂತೆ ಇರುವುದರಲ್ಲಿ ಪಳಗಿದವರು. ಆರು ತಿಂಗಳ ಕಾಲ ಏನೂ ಅನ್ನಲಿಲ್ಲ. ಒಂದು ಗುರುವಾರ ಮೆಲ್ಲಗೆ ಹತ್ತಿರ ಬಂದು, "ಮುತ್ತಾತ, ಆ ಗೋಣಿ ಹಳೇದಾಗಿದೆ ಕಣೋ. ಹರಿದು ಒಳಗೆ ಸಿಕ್ಕಿಹಾಕ್ಕೊಂಡ್ರೆ ನಿಜವಾಗ್ಲೂ ಎರಡು ಗಂಟೆ ಬೇಕಾಗುತ್ತೆ. ಇಲ್ಲೊಂದು ಹೊಸದಿದೆ, ತಗೊಂಡು ಹೋಗು" ಎಂದರು. ಅಂದಿನಿಂದ ಇಬ್ಬರೂ ಸೇರಿ ಹುಡುಕಿದರು. ಹಳೆಯ ಕಾಲದ ಸುರುಳಿ ಸುರುಳಿ ಮೋಡಿ ಅಕ್ಷರ ಅವರು ಓದುತ್ತಿದ್ದರು. ಪೆಟ್ಟಿಗೆ ಎತ್ತುವುದು, ಇಳಿಸುವುದು, ಹಲ್ಲಿ ಓಡಿಸುವುದು ಇವನ ಪಾಲು.

ಹುಟ್ಟಿದವರ ಪುಸ್ತಕ, ಸತ್ತವರ ಪುಸ್ತಕ ಎರಡೂ ಮರದ ಬೀರುವಿನಲ್ಲಿದ್ದವು. ಬಾಗಿಲು ತೆಗೆದರೆ ಒಳಗಿದ್ದದ್ದು ಮಣ್ಣು. ಒಂದು ಹಾಳೆ ಬಿಡದೆ ಗೆದ್ದಲು ತಿಂದಿತ್ತು. ಬಡವರು, ಶ್ರೀಮಂತರು ಎಂಬ ಭೇದ ಮಾಡಿರಲಿಲ್ಲ. ಉಳಿದಿದ್ದದ್ದು ಒಂದೇ ಒಂದು ಪುಸ್ತಕ. ಅದನ್ನು ಮಾತ್ರ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ಮೇಲೆ ಬರೆದಿತ್ತು: ಮೋರಿ ಕೆಲಸದವರ ಮೇಲಿನ ದೂರುಗಳು. ಊರಿಗೆ ಯಾವುದು ಜೋಪಾನ ಮಾಡಬೇಕಾದ ವಸ್ತು ಎಂದು ಹಿರಿಯರು ಸರಿಯಾಗಿಯೇ ತೀರ್ಮಾನ ಮಾಡಿದ್ದರು.

ಆ ಪುಸ್ತಕದಲ್ಲಿ ಮುತ್ತಾತನ ವಂಶ ಸಿಕ್ಕಿತು.

ಊರಿಗೆ ಮೊದಲ ಮೋರಿ ತೋಡಿದವನು ಬಂಡೆ ಎಂಬುವನು. ಅಧ್ಯಕ್ಷರು ಕೆಲಸ ನೋಡಲು ಬಂದಾಗ ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದ, ಎದ್ದು ನಿಲ್ಲಲಿಲ್ಲ ಎಂದು ದೂರು. ಶಿಕ್ಷೆ: ಹೊತ್ತು ಮುಳುಗುವ ತನಕ ಕಚೇರಿಯ ಅಂಗಳದಲ್ಲಿ ನಿಂತಿರುವುದು. ಅವನ ಮಗ ಮೊಂಡ. ಕಚೇರಿಯ ಮೆಟ್ಟಿಲ ಮೇಲೆ ಕೂತ. 'ಇವನಪ್ಪನೂ ಹೀಗೇ, ಹಾಳೆ ಮೂರು ನೋಡುವುದು' ಎಂದು ಬರೆದಿದ್ದರು. ಈ ಒಂದು ಸಾಲು ಓದಿದಾಗ ಗುಮಾಸ್ತರು ಕನ್ನಡಕ ತೆಗೆದು, "ಲೋ, ನಿಮ್ಮ ವಂಶಾವಳಿ ಬರೆದಿಟ್ಟಿದಾರಲ್ಲೋ" ಎಂದರು. ನಿಜ. ಪ್ರತಿಯೊಬ್ಬನ ದೂರಿನ ಕೆಳಗೂ ಅವನ ಹಿಂದಿನವರ ಹಾಳೆಯ ಸಂಖ್ಯೆ ಇತ್ತು. ಮಗನನ್ನು ಬೈಯುವಾಗ ಅಪ್ಪನನ್ನೂ ಸೇರಿಸಿ ಬೈಯುವ ಅಭ್ಯಾಸ ಊರಿಗೆ ಒಳ್ಳೆಯದೇ ಮಾಡಿತ್ತು.

ಮೊಂಡನ ಮಗಳು ಕುಕ್ಕರಗಾಲಿ. ಮಲದ ಬುಟ್ಟಿ ಹೊತ್ತು ಹೋಗುತ್ತಿದ್ದವಳು ನಡುಬೀದಿಯಲ್ಲಿ ಕೂತುಬಿಟ್ಟಳು. 'ಹೊಟ್ಟೆಯಲ್ಲಿ ಎಂಟು ತಿಂಗಳು ಎಂದು ನೆಪ ಹೇಳಿದಳು' ಎಂದು ದೂರು. ಅವಳಿಗೂ ಅಂಗಳವೇ, ಬಿಸಿಲೇ. ಆ ಎಂಟು ತಿಂಗಳಿನವನೇ ಮುಂದೆ ಗೂಟ ಎನಿಸಿಕೊಂಡು, ಅಧ್ಯಕ್ಷರ ಮನೆತನವಾದ ದೊಡ್ಡ ಮನೆಯ ಕಟ್ಟೆಯ ಮೇಲೆ ಕೂತು ನಾಲ್ಕನೆಯ ದೂರಿಗೆ ಬಿದ್ದ. "ಹುಟ್ಟೋಕೆ ಮುಂಚೆನೇ ಕಚೇರಿ ಪುಸ್ತಕಕ್ಕೆ ಬಂದೋನು ಸಾರ್ ಇವನು. ನಿಮ್ಮ ಅಧ್ಯಕ್ಷರಿಗೂ ಆ ಯೋಗ ಇಲ್ಲ" ಎಂದು ಮುತ್ತಾತ ಗುಮಾಸ್ತರಿಗೆ ಹೇಳಿ ನಕ್ಕ. ಗೂಟನ ಮಗನನ್ನು, ಅಂದರೆ ಮುತ್ತಾತನ ಅಜ್ಜನನ್ನು, ಏಕೆ ಕೂತೆ ಎಂದು ಕೇಳಿದ್ದಕ್ಕೆ 'ಸುಮ್ಮನೆ' ಎಂದನಂತೆ. ಮುಂದೆ ಅದೇ ಅವನ ಹೆಸರಾಯಿತು, ಸುಮ್ಮನಣ್ಣ.

ಆರನೆಯ ದೂರು ಹಾಳೆ ನೂರಾ ಹದಿನಾಲ್ಕರಲ್ಲಿತ್ತು. ಇದನ್ನು ಓದಲು ಗುಮಾಸ್ತರು ಬೇಕಾಗಲಿಲ್ಲ, ಅಕ್ಷರ ಹೊಸದು. ಮಾರುಕಟ್ಟೆಯ ಗುಂಡಿಯಲ್ಲಿ ನಾಲ್ಕು ಗಂಟೆ ಇದ್ದು ಮೇಲೆ ಬಂದವನು ಬಕೀಟು ಬೋರಲು ಹಾಕಿ ಅಧ್ಯಕ್ಷರ ಎದುರೇ ಕೂತ. ಇವನಪ್ಪನೂ ಹೀಗೇ.

ಮುತ್ತಾತನ ನಗು ನಿಂತಿತು. ಆ ದಿನ ಅವನಿಗೆ ನೆನಪಿತ್ತು. ಅವನಿಗಾಗ ಒಂಬತ್ತು ವರ್ಷ. ಅಪ್ಪ ಸಂಜೆ ಮನೆಗೆ ಬಂದವನು ಕೂರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಉಂಡ. ಅಮ್ಮ ಕೇಳಿದ್ದಕ್ಕೆ, "ಇವತ್ತು ನಿಲ್ಲೋದು ಕಲಿಸಿದಾರೆ ಕಣೆ. ಕಲಿತದ್ದು ಮರೆತುಹೋಗ್ಬಾರದಲ್ಲ" ಎಂದಿದ್ದ. ಅಪ್ಪ ತಮಾಷೆ ಮಾಡುತ್ತಿದ್ದಾನೆ ಎಂದು ಇವನು ಬಿದ್ದು ಬಿದ್ದು ನಕ್ಕಿದ್ದ. ಅಪ್ಪನ ಕಾಲು ಬಾತುಕೊಂಡಿದ್ದವು, ಮಡಚಲು ಬರುತ್ತಿರಲಿಲ್ಲ. ಅದು ಈಗ ತಿಳಿಯಿತು. ಗುಮಾಸ್ತರು ಬೇರೆ ಕಡೆ ತಿರುಗಿ ಇಲ್ಲದ ಕಡತ ಹುಡುಕಿದರು.

ಅದೇ ವರ್ಷ ಊರ ಕಚೇರಿಗೆ ನೂರೈವತ್ತು ತುಂಬಿತು. ಹೊಸ ಸಭಾಭವನ ಎದ್ದಿತು. ಅದರಲ್ಲಿ 'ಹಳೆಯ ಮನೆತನಗಳ ಗೋಡೆ' ಮಾಡುತ್ತೇವೆ ಎಂದು ಅಧ್ಯಕ್ಷರು ಸಾರಿದರು. ನಿಯಮ ಅವರೇ ಬರೆದರು: ಏಳು ತಲೆಮಾರು ಈ ಊರಿನವರಾಗಿರಬೇಕು. ಪ್ರತಿ ತಲೆಮಾರಿಗೂ ಕಚೇರಿಯ ಬರಹ, ಅಧ್ಯಕ್ಷರ ರುಜು, ಮುದ್ರೆ ಇರಬೇಕು. ಹಾಗಿದ್ದವರು ಗೋಡೆಯ ಮೇಲೆ, ಅವರ ಮನೆಯವರು ಮುಂದಿನ ಸಾಲಿನ ಕುರ್ಚಿಯ ಮೇಲೆ. ನಿಯಮ ಸಾರಿದ ಮೇಲೆ ಬೀರು ತೆಗೆಸಿ ನೋಡಿದರು. ಗೆದ್ದಲು. ಊರಿನ ದೊಡ್ಡವರೆಲ್ಲ ಒಂದೇ ದಿನದಲ್ಲಿ ಹುಟ್ಟದವರಾಗಿಬಿಟ್ಟರು. ದೊಡ್ಡ ಮನೆಯ ಅಧ್ಯಕ್ಷರೂ ಸೇರಿ.

ಮುತ್ತಾತ ಒಗೆದ ಅಂಗಿ ತೊಟ್ಟು, ದೂರಿನ ಪುಸ್ತಕ ಎದೆಗವಚಿಕೊಂಡು, ಗುಮಾಸ್ತರ ಜೊತೆ ಅಧ್ಯಕ್ಷರ ಕೋಣೆಗೆ ಹೋಗಿ ಮೂರನೇ ಕಲ್ಲಿನ ಮೇಲೆ ನಿಂತ.

"ನಮ್ಮ ವಂಶ ತಂದಿದ್ದೀನಿ ಸಾರ್. ಗೋಡೆಗೆ ಹಾಕ್ಬೇಕು."

ಅಧ್ಯಕ್ಷರು ಪುಸ್ತಕ ತೆರೆದರು. ಮೇಲಿನದು ಓದಲೇ ಇಲ್ಲ. ಕಣ್ಣು ನೇರವಾಗಿ ಕೆಳಗಿಳಿಯಿತು. ದೂರು ಬರೆದ ಅಧ್ಯಕ್ಷರೆಲ್ಲ ದೊಡ್ಡ ಮನೆಯವರೇ. ಆ ಮನೆಯವರಿಗೆ ಬರಿ ರುಜು ಹಾಕಿ ಗೊತ್ತಿಲ್ಲ. ದೊಡ್ಡ ಮನೆಯ ಇಂಥವರ ಮೊಮ್ಮಗ, ಇಂಥವರ ಮಗ, ಇಂಥವರು ಎಂದು ಮೂರು ಸಾಲು ಬರೆದು ಆಮೇಲೆ ಗೀಚುವುದು ಅವರ ಪದ್ಧತಿ. ಅಧ್ಯಕ್ಷರ ಕಣ್ಣು ತುಂಬಿತು. "ನಮ್ಮ ತಾತನ ರುಜು. ಇದು ಅವರಪ್ಪಂದು. ಆರೂ ಜನ ಇದಾರಲ್ರೀ ಗುಮಾಸ್ತ್ರೇ. ನಾನು ಸೇರಿದ್ರೆ ಪೂರ್ತಿ ಆಯ್ತು." ಪುಸ್ತಕ ಮೇಜಿನ ಖಾನೆಯೊಳಗೆ ಹೋಯಿತು.

"ರುಜು ನಿಮ್ಮೋರದು ಸಾರ್. ಮೇಲಿರೋರು ನಮ್ಮೋರು" ಎಂದ ಮುತ್ತಾತ.

"ನಿಮ್ಮೋರು ಎಷ್ಟು ಜನ?"

"ಆರು. ನಾನು ಸೇರಿದ್ರೆ ನಮ್ಮದೂ ಪೂರ್ತಿ."

"ನೀನು ಯಾವ ಪುಸ್ತಕದಲ್ಲಿದ್ದೀಯ?"

"ನಿಮ್ಮ ಮುಂದೆ ನಿಂತಿದ್ದೀನಲ್ಲ ಸಾರ್."

"ನಿಂತಿರೋದು ಕಾಣ್ತಾ ಇದೆಯಪ್ಪ. ಬರಹ ಎಲ್ಲಿ? ದಿನಗೂಲಿಯೋನು. ಇವತ್ತು ಬಂದ್ರೆ ಇದ್ದೀಯ, ನಾಳೆ ಬರದಿದ್ರೆ ಇಲ್ಲ. ನನ್ನ ರುಜು ನೋಡು, ಇಡೀ ಕಚೇರಿ ತುಂಬ ಇದೆ. ನಿಯಮ ಅಂದ್ರೆ ನಿಯಮ." ಆಮೇಲೆ ಕುರ್ಚಿಗೆ ಒರಗಿ ಹೊಟ್ಟೆ ಕುಣಿಸಿ ನಕ್ಕರು. "ನದೀಮೂಲ, ಋಷಿಮೂಲ ಕೇಳಬಾರದು ಅಂತಾರೆ. ನೀನು ಮೋರಿಯ ಮೂಲ ಕೇಳ್ಕೊಂಡು ಬಂದಿದ್ದೀಯಲ್ಲೋ."

ಮುತ್ತಾತ ತಲೆ ತಗ್ಗಿಸಿ ಹೊರಗೆ ಬಂದ. ಮನೆಯ ಬಾಗಿಲು ಸಿಗುವ ಹೊತ್ತಿಗೆ ಉತ್ತರ ಹೊಳೆಯಿತು. ಹೆಂಡತಿಗೆ ಹೇಳಿದ: "'ಮೋರಿಯ ಮೂಲ ಎಲ್ಲರಿಗಿಂತ ಚೆನ್ನಾಗಿ ನಮಗೆ ಗೊತ್ತು ಸಾರ್, ನಿಮ್ಮ ಮನೆ ಬಚ್ಚಲು' ಅನ್ಬೇಕಿತ್ತು."

"ಅಲ್ಲೇ ಅನ್ನೋಕೇನಾಗಿತ್ತು?"

"ಹೊಳೀಲಿಲ್ಲ ಕಣೆ."

"ಹೊಟ್ಟೇಲಿರೋದು ಬಾಯಿಗೆ ಬರೋಕೆ ನಿಮ್ಮ ವಂಶದಲ್ಲಿ ನೂರೈವತ್ತು ವರ್ಷ ಬೇಕೇನೋ" ಎಂದು ಅವಳು ಪಾತ್ರೆ ಕುಕ್ಕಿದಳು. ಆದರೆ ಆ ದಿನ ಅವನ ತಟ್ಟೆಗೆ ಒಂದು ಸೌಟು ಜಾಸ್ತಿಯೇ ಬಿತ್ತು.

ಸಮಾರಂಭದ ದಿನ ಬಂತು. ಮುಂದಿನ ಸಾಲಿನ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಬೇರೆ ಯಾವ ಮನೆತನಕ್ಕೂ ಪುರಾವೆ ಸಿಗದೆ, ಇಡೀ ಗೋಡೆ ದೊಡ್ಡ ಮನೆಯದೊಂದೇ ಆಗಿತ್ತು. ದೂರಿನ ಆರು ಹಾಳೆಗಳನ್ನು ಬಾಗಿಲಷ್ಟು ದೊಡ್ಡದು ಮಾಡಿ ತೂಗುಹಾಕಿದ್ದರು. ಮೂಲ ಪುಸ್ತಕ ಕೆಳಗೆ ಮೇಜಿನ ಮೇಲಿತ್ತು. ಮೋರಿ ಬೀದಿಯವರು, ಕರೆದರೆ ಇಳಿಯಲು ಬಕೀಟು ದಬ್ಬೆ ಹಿಡಿದು, ಎಂದಿನಂತೆ ಬಾಗಿಲಾಚೆ ನಿಂತಿದ್ದರು. ಮುತ್ತಾತ ಕತ್ತು ಉದ್ದ ಮಾಡಿ ನೋಡಿದ. ಪ್ರತಿ ಹಾಳೆಯ ಮೇಲರ್ಧಕ್ಕೂ ಚಿನ್ನದ ಬಣ್ಣದ ಕಾಗದ ಮೆತ್ತಿದ್ದರು. ಬಂಡೆ ಇಲ್ಲ. ಕುಕ್ಕರಗಾಲಿ ಇಲ್ಲ, ಅವಳ ಎಂಟು ತಿಂಗಳೂ ಇಲ್ಲ. ಅಪ್ಪ ನಿಂತ ಬಿಸಿಲು ಇಲ್ಲ. ಕೆಳಗಿನ ರುಜುಗಳು ಮಾತ್ರ ಹೊಳೆಯುತ್ತಿದ್ದವು. ಬದುಕಿದ್ದಾಗ ಮೋರಿಗೆ ತುಂಬಿದರು, ಸತ್ತ ಮೇಲೆ ಚಿನ್ನದಲ್ಲಿ ಹೂತರು.

ಅಧ್ಯಕ್ಷರು 'ನಮ್ಮ ಪೂರ್ವಿಕರು' ಎಂದು ಭಾಷಣ ತೆಗೆಯುವುದಕ್ಕೂ ವಾಸನೆ ಏಳುವುದಕ್ಕೂ ಸರಿಹೋಯಿತು. ಸಭಾಭವನದ ಮೂಲೆಯ ಜಾಲರಿಯಿಂದ ಕಪ್ಪು ನೀರು ಗುಳುಗುಳು ಎಂದು ಉಕ್ಕಿತು. ನೆಲದ ಮೇಲೆ ಹರಡಿ ಮುಂದಿನ ಸಾಲಿನ ಕಡೆಗೇ ಹೊರಟಿತು. ದೊಡ್ಡವರು ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು.

ಹೆಂಡತಿ ಅವನ ಕಿವಿಯಲ್ಲಿ ಕೇಳಿದಳು: "ಗೋಣಿ ನಿಂದಾ?"

"ನಮ್ಮಪ್ಪನಾಣೆ ಅಲ್ಲ."

"ಮುತ್ತಾತ ಎಲ್ಲಿ, ಬೇಗ ಇಳೀಲಿ" ಎಂದು ಅಧ್ಯಕ್ಷರು ವೇದಿಕೆಯಿಂದಲೇ ಹೇಳಿದರು.

ಮುತ್ತಾತ ಒಳಗೆ ಬಂದ. ಬಕೀಟು ಬೋರಲು ಹಾಕಿ ಅದರ ಮೇಲೆ ಕೂತ. "ಇಳೀತೀನಿ ಸಾರ್. ಮೊದಲು ಆ ಚಿನ್ನದ ಕಾಗದ ಕೀಳಿಸಿ."

"ಏನೋ ಅಂದೆ?"

"ಕಾಗದ ಕೀಳಿಸಿ ಅಂದೆ. ಕಿತ್ತರೆ ಇಳೀತೀನಿ. ಇಲ್ಲಾಂದ್ರೆ ಇಲ್ಲ."

"ಬೇರೆ ಯಾರಾದ್ರೂ ಇಳೀರೋ" ಎಂದು ಅಧ್ಯಕ್ಷರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿದ್ದ ಮೋರಿಯವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬಕೀಟು ಬೋರಲು ಹಾಕಿ ಕೂತರು. ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ನೀರು ಎರಡನೇ ಸಾಲಿಗೆ ಹೋಯಿತು. "ಕಿತ್ತುಬಿಡಿ ಸ್ವಾಮಿ, ಕಾಗದ ತಾನೇ" ಎಂದು ದೊಡ್ಡವರೇ ಮೂಗು ಮುಚ್ಚಿಕೊಂಡು ಗೊಣಗಿದರು. ಗೋಡೆ ತಮಗಂತೂ ಸಿಕ್ಕಿಲ್ಲ ಎಂಬ ಹೊಟ್ಟೆಕಿಚ್ಚೂ ಅದರಲ್ಲಿತ್ತು.

ಅಧ್ಯಕ್ಷರು ಹಲ್ಲು ಕಡಿಯುತ್ತ ತಾವೇ ಕಿತ್ತರು. ಒಂದೊಂದು ಹಾಳೆ ಬಯಲಾದಂತೆ ಗುಮಾಸ್ತರು, ಅಕ್ಷರ ಹಳೆಯದು ಜನಕ್ಕೆ ತಿಳಿಯಲಿಕ್ಕಿಲ್ಲ ಎಂಬ ನೆಪದಲ್ಲಿ, ಗಟ್ಟಿಯಾಗಿ ಓದಿದರು. ಎದ್ದು ನಿಲ್ಲಲಿಲ್ಲ. ಎದ್ದು ನಿಲ್ಲಲಿಲ್ಲ. ನಡುಬೀದಿಯಲ್ಲಿ ಕೂತಳು. ಏಕೆ ಎಂದರೆ ಸುಮ್ಮನೆ ಎಂದ. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಹಿಂದಿನಿಂದ ಒಂದು ದನಿ, "ಅಲ್ಲ, ಈ ದೊಡ್ಡ ಮನೆಯೋರಿಗೆ ಯಾರು ಕೂತ್ರು ಅಂತ ನೋಡೋದು ಬಿಟ್ಟು ಬೇರೆ ಕೆಲಸಾನೇ ಇರಲಿಲ್ವಾ?" ಎಂದು ಕೇಳಿತು. ಸಭೆ ಗೊಳ್ಳೆಂದಿತು.

ಕೊಟ್ಟ ಮಾತಿನಂತೆ ಮುತ್ತಾತ ಜಾಲರಿ ಎತ್ತಿ ಇಳಿದ. ಎದೆಯ ತನಕ ನೀರು. ಒಂದು ಕೈಯಲ್ಲಿ ದಬ್ಬೆ, ಇನ್ನೊಂದು ಕೈ ಬರಿಗೈ. ಮುಖ ಮೇಲೆತ್ತಿ, ಬಾಯಿ ಬಿಗಿದು, ಬೆರಳಿಂದ ತಡಕಿದ. ಗಾಜು ತಾಗಿ ಅಂಗೈ ಸೀಳಿತು. ಮೆತ್ತಗೆ, ದಪ್ಪಗೆ ಏನೋ ಸಿಕ್ಕಿತು. ಅರ್ಧ ಗಂಟೆ ಎಳೆದ. ಕೊನೆಗೆ ಅದು ಕಿತ್ತುಬಂದಾಗ ನೀರು ಗೊಟಕ್ಕನೆ ಇಳಿಯಿತು. ಅದನ್ನು ತಂದು ಅಧ್ಯಕ್ಷರ ಕಾಲ ಬಳಿ ಇಟ್ಟ. ಒಂದು ಬಕೀಟು ಅಂಟು, ಅದರ ತುಂಬ ಚಿನ್ನದ ಕಾಗದದ ಚೂರುಗಳು. ಹಿಂದಿನ ದಿನ ಮೆತ್ತಿ ಉಳಿದದ್ದನ್ನೆಲ್ಲ ಕೆಲಸದವರು ಮೋರಿಗೆ ಸುರಿದಿದ್ದರು.

ಆಮೇಲೆ ಅವನು ಬಾಗಿಲ ಕಡೆ ಹೋಗಲಿಲ್ಲ. ತೊಟ್ಟಿಕ್ಕುತ್ತಲೇ ಮುಂದಿನ ಸಾಲಿಗೆ ನಡೆದ. ಬಿಳಿ ಬಟ್ಟೆಯ ಕುರ್ಚಿಯ ಮೇಲೆ ಕೂತ. ಅವನ ಬೆನ್ನಿಗೆ ಕುರ್ಚಿಯ ಒರಗು ತಾಗಿದ್ದು ಅದೇ ಮೊದಲು. ಇಷ್ಟು ಮೆತ್ತಗಿರುತ್ತದೆಯೇ ಎಂದುಕೊಂಡ.

"ಎದ್ದು ನಿಲ್ಲೋ" ಎಂದರು ಅಧ್ಯಕ್ಷರು. ಮುಖ ಕೆಂಪೇರಿತ್ತು. ಈ ತನಕ ನಕ್ಕಿದ್ದ ಸಭೆಯ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು.

"ಕಾಲು ಸೋತಿದೆ ಸಾರ್."

"ದೂರು ಬರೀತೀನಿ. ನಿನ್ನ ಮೇಲೆ ದೂರು ಬರೀತೀನಿ ನೋಡು."

"ಬರೀರಿ."

ಅಧ್ಯಕ್ಷರು ಮೇಜಿನ ಮೇಲಿನ ಪುಸ್ತಕ ಎಳೆದುಕೊಂಡು ಕೊನೆಯ ಹಾಳೆ ತೆರೆದರು. ಗರಗರ ಬರೆದರು. ಮೋರಿಯ ಮುತ್ತಾತ ಎಂಬುವನು, ತುಂಬಿದ ಸಭೆಯಲ್ಲಿ, ನಮ್ಮ ಎದುರಿಗೆ.

"ಇವನಪ್ಪನೂ ಹೀಗೇ ಅಂತ ಸೇರಿಸಿ ಸಾರ್" ಎಂದ ಮುತ್ತಾತ. "ಹಾಳೆ ನೂರಾ ಹದಿನಾಲ್ಕು."

"ನಿಮ್ಮಪ್ಪನೂ ಹೀಗೇ. ನಿಮ್ಮಜ್ಜನೂ ಹೀಗೇ. ಇಡೀ ವಂಶಾನೇ ಇಂಥದು" ಎನ್ನುತ್ತ ಅಧ್ಯಕ್ಷರು ಅದನ್ನೂ ಬರೆದರು. ದೊಡ್ಡ ಮನೆಯ ಇಂಥವರ ಮೊಮ್ಮಗ, ಇಂಥವರ ಮಗ ಎಂದು ಮೂರು ಸಾಲು ಮುಗಿಸಿ ರುಜು ಗೀಚಿದರು. ಗುಮಾಸ್ತರು ಜೇಬಿನಿಂದ ಮುದ್ರೆ ತೆಗೆದು, ಬಾಯಿಂದ ಹಬೆ ಊದಿ, ಎರಡೂ ಕೈಯಿಂದ ಒತ್ತಿದರು. ಶಾಯಿ ಆರುವ ತನಕ ಕಾದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಮುದುಕರ ನಿಧಾನದಲ್ಲಿ, ಬೆರಳು ಮಡಚಿ ಎಣಿಸಿದರು. ಬಂಡೆ. ಮೊಂಡ. ಕುಕ್ಕರಗಾಲಿ. ಗೂಟ. ಸುಮ್ಮನಣ್ಣ. ಇವರಪ್ಪ. ಇವನು.

"ಪೂರ್ತಿ ಆಯ್ತು ಸಾರ್" ಎಂದರು. "ಕಚೇರಿಯ ಬರಹ ಇದೆ, ಅಧ್ಯಕ್ಷರ ರುಜು ಇದೆ, ಮುದ್ರೆ ಇದೆ. ಗೋಡೆಯೂ ಇವರಿಗೆ, ಮುಂದಿನ ಸಾಲೂ ಇವರಿಗೆ. ನಿಯಮ ತಮ್ಮದೇ."

ಅಧ್ಯಕ್ಷರು ಪುಸ್ತಕ ನೋಡಿದರು, ಗೋಡೆ ನೋಡಿದರು, ಕುರ್ಚಿ ನೋಡಿದರು. ಬೇರೆ ಏನೂ ತೋಚದೆ, ಆರು ತಲೆಮಾರಿನಿಂದ ಬಾಯಿಗೆ ಕೂತಿದ್ದ ಮಾತನ್ನೇ ಆಡಿದರು: "ಎದ್ದು ನಿಲ್ಲು."

ನಲವತ್ತೈದು ವರ್ಷದ ಅಭ್ಯಾಸ. ಮುತ್ತಾತನ ಮನಸ್ಸು ಒಪ್ಪದಿದ್ದರೂ ಮಂಡಿ ತಾನಾಗಿ ಮೇಲೇಳತೊಡಗಿತು. ಅರ್ಧ ಎದ್ದಿದ್ದ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅವನ ಭುಜ ಅದುಮಿತು. ಬಾಗಿಲು ದಾಟಿ ಒಳಗೆ ಬಂದಿದ್ದ ಹೆಂಡತಿ ಪಕ್ಕದ ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು ಕೂತಳು.

"ಕೂತ್ಕೊ" ಎಂದಳು. "ನಮ್ಮ ಮಾವ ನಿಂತಿದ್ದು ಸಾಕು."